ಉಡಚವ್ವನ ಹನ್ನೆರಡನೆಯ ಪಾತಿ

ಬೆಳಗಿನ ಐದೂವರೆ. ಬೆಟಗೇರಿಯ ಅಂಚಿನಲ್ಲಿರುವ ‘ಸಾಧಕಿಯರ ಉದ್ಯಾನ’ದ ಗೇಟಿನ ಬೀಗ ಈಗಷ್ಟೇ ತೆಗೆದಿದೆ. ಆದರೂ ಒಳಗೆ ದಾಸವಾಳದ ಗಿಡದ ಹತ್ತಿರ ಬಿಳಿ ಬೂಟಿನ ಗೃಹಸ್ಥರೊಬ್ಬರು ಆಗಲೇ ನಿಂತಿದ್ದಾರೆ. ಕಾಂಪೌಂಡಿನ ಮುರಿದ ಸಂದಿಯಲ್ಲಿ ನುಸುಳಿ ಬಂದವರು. ಬಾಯಲ್ಲಿ ಮಂತ್ರ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಅರಳಲು ಇನ್ನೂ ಅರ್ಧ ಗಂಟೆ ಬೇಕಿದ್ದ ಹನ್ನೊಂದು ಮೊಗ್ಗು. ಎರಡೂ ಕೈಯಲ್ಲಿ ನೀರಿನ ಕೊಡ ಹಿಡಿದು ಉಡಚವ್ವ ಬೆನ್ನ ಹಿಂದೆ ಬಂದು ನಿಂತದ್ದು ಅವರಿಗೆ ಗೊತ್ತಾಗುವುದಿಲ್ಲ.

“ಯಜಮಾನ್ರ, ಕದ್ದ ಹೂವು ದೇವರಿಗೆ ಏರಿಸಿದ್ರ ಪುಣ್ಯ ಯಾರಿಗೆ ಬರತೈತಿ? ನಿಮಗೋ, ನೀರು ಹೊತ್ತ ನನಗೋ?”

ಗೃಹಸ್ಥರು ಬೆಚ್ಚಿ ತಿರುಗುತ್ತಾರೆ. ನಾಲ್ಕು ಹೂವಿಗೆ ಇಷ್ಟು ಮಾತೇ ಎಂದು ಮುಖ ಸಿಂಡರಿಸುತ್ತಾರೆ. ಉಡಚವ್ವ ಕೊಡ ಕೆಳಗಿಡುತ್ತಾಳೆ. “ನಿಮ್ಮಂಥೋರು ದಿನಾ ಮೂವತ್ತು ಮಂದಿ ಬರತೀರಿ. ಎಲ್ಲಾರೂ ನಾಕ ಹೂವು, ನಾಕ ಹೂವು ಅಂತೀರಿ. ಅದು ಓಬವ್ವನ ಪಾತಿ ಐತಿ. ಸಂದಿಯಾಗ ನುಸುಳಿ ಬಂದವರಿಗೆ ಆಕಿ ಏನು ಮಾಡಿದ್ಲು ಗೊತ್ತೈತಿಲ್ಲೋ?” ಉಡಚವ್ವನ ಹತ್ತಿರ ಒನಕೆ ಇಲ್ಲ. ಸಲಿಕೆ ಇದೆ. ಗೃಹಸ್ಥರು ಮತ್ತೆ ಸಂದಿಯ ಕಡೆಗೆ ಹೋಗದೆ ಮರ್ಯಾದೆಯಿಂದ ಗೇಟಿನಲ್ಲೇ ಹೊರಡುತ್ತಾರೆ, ಚೀಲವನ್ನು ಮಾತ್ರ ಬಿಡುವುದಿಲ್ಲ.

ಉಡಚವ್ವನಿಗೆ ಐವತ್ನಾಲ್ಕು ವರ್ಷ. ಹುಟ್ಟಿದ್ದು ತುಂಗಭದ್ರೆಯ ದಂಡೆಯ ಹಮ್ಮಿಗಿಯಲ್ಲಿ, ಕೊಟ್ಟದ್ದು ಹಿರೇಹಂದಿಗೋಳಕ್ಕೆ, ಇಪ್ಪತ್ತೆರಡು ವರ್ಷದಿಂದ ಇರುವುದು ಬೆಟಗೇರಿಯ ಬಾಡಿಗೆ ಮನೆಯಲ್ಲಿ. ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಆರಿಸಿದ್ದಾಳೆ, ಮುಂಡರಗಿ ರಸ್ತೆಯ ಸಸಿ ತೋಟವೊಂದರಲ್ಲಿ ಒಂಬತ್ತು ವರ್ಷ ಕಸಿ ಕಟ್ಟಿದ್ದಾಳೆ. ಹಮಾಲಿ ಮಾಡುತ್ತಿದ್ದ ಗಂಡ ಹನಮಪ್ಪನ ಬೆನ್ನು ಬಿದ್ದ ಮೇಲೆ ಮನೆಯ ರೊಟ್ಟಿ ಅವನದು, ಹೊರಗಿನ ದುಡಿಮೆ ಇವಳದು. “ಗಿಡದ ಜೋಡಿ ಆಡಿದಷ್ಟು ಮಾತು ನನ್ನ ಜೋಡಿ ಆಡಿಲ್ರಿ ಇಕಿ. ಸಿಟ್ಟು ಮಾತ್ರ ಕಟ್ಟಿಗೊಂಡು ಮನಿಗೆ ತರತಾಳ” ಎಂದು ಹನಮಪ್ಪ ನಗುತ್ತಾನೆ. ನಾಲ್ಕು ವರ್ಷದ ಹಿಂದೆ ಈ ಉದ್ಯಾನ ಶುರುವಾದಾಗಿನಿಂದ ಇಲ್ಲಿನ ಒಬ್ಬಳೇ ಮಾಲಿ ಅವಳು. ಸಮಿತಿಯಲ್ಲಿ ಎಂಟು ಮಂದಿ ಇದ್ದಾರೆ. ಎಂಟೂ ಮಂದಿ ಅವಳನ್ನು ಕರೆಯುವುದು ‘ಏ ತ್ವಾಟದಾಕಿ’ ಎಂದೇ.

ಊರಿಗೆ ನಲ್ಲಿ ನೀರು ಬರುವುದು ಹತ್ತು ಹನ್ನೆರಡು ದಿನಕ್ಕೊಮ್ಮೆ. ಬಂದ ದಿನ ಮೂಲೆಯ ತೊಟ್ಟಿ ತುಂಬಿಸಿಕೊಂಡರೆ ಮುಂದಿನ ಸರದಿಯವರೆಗೆ ಅದೇ ಗತಿ. ಪೈಪಿಗೆ ಮೋಟಾರು ಕೊಡಿಸುತ್ತೇವೆ ಎಂದು ನಾಲ್ಕು ವರ್ಷದಿಂದ ಹೇಳುತ್ತಿದ್ದಾರೆ. ಅಲ್ಲಿಯವರೆಗೆ ಬೆಳಿಗ್ಗೆ ಎಂಬತ್ತು ಕೊಡ, ಸಂಜೆ ನಲವತ್ತು ಕೊಡ, ಬೇಸಗೆಯಲ್ಲಿ ಇನ್ನೂ ಇಪ್ಪತ್ತು ಜಾಸ್ತಿ. ಹೊಳೆಯ ದಂಡೆಯಲ್ಲಿ ಹುಟ್ಟಿದ ಹೆಂಗಸು ಕೊಡ ಎಣಿಸಿ ನೀರು ಹಾಕುತ್ತಾಳೆ. ಸಮಿತಿಯವರು ಬಂದರೆ ಹೂವಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ತೊಟ್ಟಿಯ ಕಡೆ ಕಣ್ಣು ಹಾಯಿಸುವುದಿಲ್ಲ.

ಉದ್ಯಾನದಲ್ಲಿ ಹನ್ನೆರಡು ಪಾತಿ. ಪಾತಿಗೊಬ್ಬ ಹೆಣ್ಣು, ಹೆಣ್ಣಿಗೊಂದು ಹೂವು, ಮುಂದೆ ಒಂದು ಫಲಕ. ಫಲಕದ ಮೇಲೆ ಹೆಸರು, ಸಾಧನೆಯ ಒಂದು ಸಾಲು, ಕೆಳಗೆ ಹೂವಿನ ಹೆಸರು. ಹೆಸರುಗಳನ್ನು ಆರಿಸಿದ್ದು ಸಮಿತಿ. ಎಲ್ಲದಕ್ಕೂ ಗುಲಾಬಿ ಹಚ್ಚಿ ಕೈ ತೊಳೆದುಕೊಳ್ಳೋಣ ಎಂದದ್ದೂ ಸಮಿತಿ. ಅದನ್ನು ಒಪ್ಪದವಳು ಉಡಚವ್ವ. ಸಮಿತಿಯ ಕಾರಕೂನ ಕೊಟ್ರೇಶನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಪಟ್ಟಿಯನ್ನು ಒಂದೊಂದೇ ಹೆಸರಾಗಿ ಓದಿಸಿದಳು. ಪ್ರತಿ ಹೆಸರಿಗೂ ಅವಳದು ಒಂದೇ ಪ್ರಶ್ನೆ: “ಇಕಿ ಏನು ಮಾಡ್ಯಾಳ?” ಉತ್ತರ ಸಿಗುವ ತನಕ ಆ ಪಾತಿಗೆ ಸಸಿ ಇಲ್ಲ.

ಹಾಗಾಗಿ ಇಲ್ಲಿನ ಹೂವುಗಳಿಗೆ ಒಂದು ಅರ್ಥವಿದೆ. ಕಿತ್ತೂರಿನ ಚೆನ್ನಮ್ಮನಿಗೆ ಕೆಂಪು ಗುಲಾಬಿ, ಮುಳ್ಳಿನ ಸಮೇತ. ಹೆಣ್ಣುಮಕ್ಕಳ ಪಡೆ ಕಟ್ಟಿದ ಬೆಳವಡಿಯ ಮಲ್ಲಮ್ಮನಿಗೆ ಒತ್ತಾಗಿ ಸಾಲುಗಟ್ಟಿ ನಿಲ್ಲುವ ಚೆಂಡು ಹೂವು. ಲಕ್ಷ್ಮೇಶ್ವರದಲ್ಲಿ ಮಲ್ಲಕಂಬ ಹತ್ತಿ ರಾಜ್ಯಕ್ಕೇ ಮೊದಲು ಬಂದ ಅಲ್ಮಾಸಬಿಗೆ ಶಂಖಪುಷ್ಪದ ಬಳ್ಳಿ, ನಡುವೆ ಹತ್ತಲು ಒಂದು ಕಂಬ. ಮುಂಡರಗಿಯ ಖೋಖೋ ಆಟಗಾರ್ತಿಯೊಬ್ಬಳಿಗೆ ಗುಲಬಾಕ್ಷಿ. ಅದ್ಯಾಕೆ ಎಂದರೆ ಉಡಚವ್ವನಿಗೆ ಅಚ್ಚರಿ. “ಶಾಲಿ ಬಿಡೂದು ನಾಕಕ್ಕ, ಹುಡುಗ್ಯಾರು ಮೈದಾನಕ್ಕ ಇಳಿಯೂದು ನಾಕಕ್ಕ, ಗುಲಬಾಕ್ಷಿ ಅರಳೂದೂ ನಾಕಕ್ಕ. ಮತ್ಯಾವ ಹೂವು ಹಚ್ಚಲಿ?”

ಪಟ್ಟಿಯ ಕೊನೆಯ ಹೆಸರನ್ನು ಕೊಟ್ರೇಶ ಓದಿದಾಗ ಮಾತ್ರ ಅವಳು ಏನೂ ಕೇಳಲಿಲ್ಲ. ಶಿರಹಟ್ಟಿಯ ಕಸ್ತೂರೆವ್ವ, ರಂಗಕಲಾವಿದೆ. ನಾಟಕ ಕಂಪನಿಗಳ ಜೊತೆ ಮೂವತ್ತು ವರ್ಷ ಊರೂರು ತಿರುಗಿ ಕಿತ್ತೂರಿನ ರಾಣಿಯ ಪಾತ್ರ ಮಾಡಿದವಳು. ಈ ಸೀಮೆಯ ಅರ್ಧ ಮಂದಿಗೆ ಚೆನ್ನಮ್ಮ ಎಂದರೆ ಕಣ್ಣ ಮುಂದೆ ಬರುವುದು ಕಸ್ತೂರೆವ್ವನ ಮುಖ, ಕಿವಿಯಲ್ಲಿ ಕೇಳುವುದು ಅವಳ ದನಿ. ಆಕೆ ತೀರಿಕೊಂಡು ಎಂಟು ವರ್ಷವಾಯಿತು. ಪಾತ್ರಕ್ಕೆ ಮೊದಲನೆಯ ಪಾತಿ ಸಿಕ್ಕಿತು, ಪಾತ್ರ ಮಾಡಿದವಳಿಗೆ ಹನ್ನೆರಡನೆಯದು. ಅದು ಶೌಚಾಲಯದ ಗೋಡೆಗೆ ಹತ್ತಿದ ಮೂಲೆ.

“ನಾಟಕದಾಕಿನ್ನ ಅಲ್ಲೇ ಮೂಲ್ಯಾಗ ಹಾಕ್ರಿ” ಎಂದು ಸಭೆಯಲ್ಲಿ ಯಾರೋ ಅಂದರಂತೆ. ಯಾರೂ ಬೇಡ ಅನ್ನಲಿಲ್ಲವಂತೆ. ಆ ಮೂಲೆಯಲ್ಲಿ ಮಣ್ಣೇ ಇರಲಿಲ್ಲ. ಶೌಚಾಲಯ ಕಟ್ಟಿದ ಗುತ್ತಿಗೆದಾರ ಇಟ್ಟಿಗೆ ಚೂರು, ಸಿಮೆಂಟಿನ ಗಟ್ಟಿ, ಒಡೆದ ಟೈಲ್ಸು ಎಲ್ಲವನ್ನೂ ಅಲ್ಲೇ ಹೂಳಿ ಮೇಲೆ ಒಂದು ಗೇಣು ಗರಸು ಎಳೆದು ಹೋಗಿದ್ದ. ಉಡಚವ್ವ ಐದು ದಿನ ಅಗೆದು ನಲವತ್ತು ಬುಟ್ಟಿ ಚೂರು ತೆಗೆದಳು. ಮಲ್ಲಿಗೆ ಹಚ್ಚಿದಳು, ಸುಟ್ಟುಹೋಯಿತು. ಸೇವಂತಿಗೆ ಹಚ್ಚಿದಳು, ಹಳದಿಯಾಗಿ ಕುಸಿಯಿತು. ಕನಕಾಂಬರವೂ ಮೇಲೇಳಲಿಲ್ಲ.

ನಾಲ್ಕನೆಯದಾಗಿ ಹಚ್ಚಿದ್ದು ಐದೆಸಳಿನ, ಬಿಳಿ ಮತ್ತು ನಸುಗೆಂಪಿನ ಆ ಸಣ್ಣ ಹೂವನ್ನು. ಎಲ್ಲರ ಅಂಗಳದಲ್ಲೂ ಇರುತ್ತದೆ, ಯಾರೂ ಕಣ್ಣೆತ್ತಿ ನೋಡುವುದಿಲ್ಲ. ನೀರಿಲ್ಲದಿದ್ದರೂ ಬದುಕುತ್ತದೆ, ಆಡು ಬಾಯಿ ಹಾಕುವುದಿಲ್ಲ, ಹನ್ನೆರಡು ತಿಂಗಳೂ ಹೂ ಬಿಡುತ್ತದೆ. ಪುಸ್ತಕದವರು ನಿತ್ಯಮಲ್ಲಿಗೆ ಅನ್ನುತ್ತಾರೆ. ಯಾರೂ ನೀರು ಹಾಕದ ಸ್ಮಶಾನದಲ್ಲೂ ತಾನಾಗಿ ಬೆಳೆಯುವುದರಿಂದ ಉಡಚವ್ವನ ಕಡೆಯವರ ಬಾಯಲ್ಲಿ ಅದು ಸುಡಗಾಡ ಮಲ್ಲಿಗಿ. ಮೂರು ತಿಂಗಳಲ್ಲಿ ಪಾತಿ ತುಂಬಿತು. “ಚೂರಿನ ಮ್ಯಾಲ ನಿಂತು ನಕ್ಕೋತ ಇದ್ದವ್ರಿ ಅವು. ಮೂವತ್ತು ವರ್ಷ ಡೇರೆದಾಗ ನಿಂತಾಕಿಗೆ ಇದ ಸರಿ ಅನಿಸಿತು” ಎನ್ನುತ್ತಾಳೆ.

ತಪ್ಪಾದದ್ದು ಇಲ್ಲಿ. ಫಲಕ ಬರೆಸುವ ವಾರ ಕೊಟ್ರೇಶ ಚೀಟಿ ಹಿಡಿದು ಬಂದ. ಉಡಚವ್ವನ ಎರಡೂ ಕೈ ಗೊಬ್ಬರದಲ್ಲಿದ್ದವು. ಕೊನೆಯ ಪಾತಿಗೆ ಯಾವ ಹೂವು ಎಂದು ಅವನು ಕೇಳಿದ, ಮನೆಯಲ್ಲಿ ಅನ್ನುವ ಹಾಗೆ “ಸುಡಗಾಡ ಮಲ್ಲಿಗಿ ಐತಿ ನೋಡಪಾ” ಎಂದು ಇವಳು ಅಂದಳು. ಕೊಟ್ರೇಶ ಓದಿದ ಹುಡುಗ, ಆಡುಮಾತನ್ನು ಹಾಗೇ ಬರೆಯುತ್ತಾನೆಯೇ? ಶುದ್ಧ ಮಾಡಿ ‘ಸುಡುಗಾಡು ಮಲ್ಲಿಗೆ’ ಎಂದು ಬರೆದುಕೊಂಡ. ಉಚ್ಚಾರ ತಿದ್ದಿದ, ಅರ್ಥದ ಕಡೆ ನೋಡಲಿಲ್ಲ. ಫಲಕ ಬರೆಯುವ ಪೇಂಟರ್ ತಾರೀಖ ಚೀಟಿಯಲ್ಲಿದ್ದದ್ದನ್ನು ಚೆಂದದ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟ. ಎಂಟು ಮಂದಿ ಸಮಿತಿಯವರಲ್ಲಿ ಒಬ್ಬರೂ ಓದಿ ನೋಡಲಿಲ್ಲ. ಎರಡನೇ ಇಯತ್ತೆಗೆ ಶಾಲೆ ಬಿಟ್ಟ ಉಡಚವ್ವನಿಗೆ ಓದಲು ಬರುತ್ತಿರಲಿಲ್ಲ.

ಈ ವರ್ಷದ ಮಾರ್ಚ್ ಎಂಟರಂದು ಫಲಕಗಳ ಉದ್ಘಾಟನೆ. ಕಸ್ತೂರೆವ್ವನ ಮಗಳು ರೋಜಾ ಶಿರಹಟ್ಟಿಯಿಂದ ಬಂದಿದ್ದಳು. ಅರವತ್ತರ ಹೆಂಗಸು, ಇಳಕಲ್ ಸೀರೆ ಉಟ್ಟು, ಅವ್ವನ ಫೋಟೋವನ್ನು ಟವೆಲಿನಲ್ಲಿ ಸುತ್ತಿ ತಂದಿದ್ದಳು. ಹನ್ನೆರಡನೆಯ ಪಾತಿಯ ಮುಂದೆ ಹೋಗಿ ನಿಂತು ಫಲಕ ಓದಿದಳು. ‘ಶಿರಹಟ್ಟಿಯ ಕಸ್ತೂರೆವ್ವ, ರಂಗಕಲಾವಿದೆ. ಸುಡುಗಾಡು ಮಲ್ಲಿಗೆ.’ ಫೋಟೋವನ್ನು ಟವೆಲಿನಿಂದ ಹೊರಗೆ ತೆಗೆಯಲೇ ಇಲ್ಲ. ತಲೆ ಮೇಲೆ ಸೆರಗು ಎಳೆದುಕೊಂಡು, ಊಟಕ್ಕೂ ನಿಲ್ಲದೆ ಬಸ್ ಸ್ಟ್ಯಾಂಡಿಗೆ ನಡೆದಳು.

ಏನಾಯಿತೆಂದು ಉಡಚವ್ವನಿಗೆ ತಿಳಿದದ್ದು ಸಂಜೆ, ಕೊಟ್ರೇಶ ಫಲಕ ಓದಿ ಹೇಳಿದ ಮೇಲೆ. “ನೀ ಹೇಳಿದ್ದ ಬರದೇನಲಬೇ” ಎಂದ ಅವನು. ಉಡಚವ್ವ ಅಂದು ತನ್ನ ಬಾಯಿಗೆ ತಾನೇ ಹೊಡೆದುಕೊಂಡಳಂತೆ. ಆದರೆ ಒಂದು ಶಬ್ದ ತಾನೆ, ಒರೆಸಿ ಬರೆದರಾಯಿತು ಎಂಬ ಧೈರ್ಯವೂ ಇತ್ತು. ಮರುದಿನವೇ ಅಧ್ಯಕ್ಷ ದ್ಯಾಮಪ್ಪನವರನ್ನು ಕಂಡು ಕೇಳಿಕೊಂಡಳು. ಅಧ್ಯಕ್ಷರು ದೊಡ್ಡ ವ್ಯಾಪಾರಸ್ಥರು, ಅವರಿಗೆ ಇದರಲ್ಲಿ ಅನುಕೂಲವೇ ಕಂಡಿತು. ಉದ್ಯಾನದಲ್ಲಿ ಸುಡುಗಾಡಿನ ಹೆಸರು ಅಪಶಕುನ ಎಂದು ಜನ ಆಡಿಕೊಳ್ಳುತ್ತಿದ್ದಾರೆ, ಆ ಪಾತಿಯನ್ನೇ ತೆಗೆದುಬಿಡಿ ಎಂದರು. ಆ ಜಾಗದಲ್ಲಿ ಸೆಲ್ಫಿ ಪಾಯಿಂಟ್ ಮಾಡುತ್ತಾರೆ. ಕಮಾನು, ಅದರ ತುಂಬ ಹೂವು, ಹೂವೆಲ್ಲ ಪ್ಲಾಸ್ಟಿಕ್ಕಿನವು.

ಒಂದು ಶಬ್ದ ತಿದ್ದಲು ಒಂದು ಚಮಚ ಬಣ್ಣ ಸಾಕಿತ್ತು. ಅದರ ಬದಲು ಒಬ್ಬ ಹೆಣ್ಣುಮಗಳನ್ನೇ ಒರೆಸಿ ಹಾಕುವುದು ಇವರಿಗೆ ಸುಲಭವಾಯಿತು. ಹೂವಿನ ಹೆಸರು ಬರೀ ನೆಪ, ಜನ ಕೇಳಿದರೆಂದು ಕಸ್ತೂರೆವ್ವನ ಹೆಸರನ್ನು ಪಟ್ಟಿಗೆ ಸೇರಿಸಿದ ದಿನದಿಂದಲೂ ಅದು ಇವರಿಗೆ ಚುಚ್ಚುತ್ತಿತ್ತು. “ಬಾಯಿ ಜಾರಿದ್ದು ನಂದು. ಬೈಯಲಿ, ಹೊಡೀಲಿ, ನನಗ ಮಾಡ್ಲಿ. ಸತ್ತಾಕಿನ್ನ ಯಾಕ ಹೊರಗ ಹಾಕತಾರ?” ಎಂದು ಉಡಚವ್ವ ಈಗಲೂ ಸಿಟ್ಟಿನಿಂದ ಕೇಳುತ್ತಾಳೆ.

ಅದೇ ವಾರ ಶಿರಹಟ್ಟಿಯ ಬಸ್ಸು ಹತ್ತಿದಳು. ರೋಜಾ ಬಾಗಿಲು ತೆರೆದಳು, ಒಳಗೆ ಬಾ ಅನ್ನಲಿಲ್ಲ. ಹೊಸ್ತಿಲ ಹೊರಗೆ ನಿಂತೇ ಉಡಚವ್ವ ಎಲ್ಲ ಹೇಳಿದಳು. ಫಲಕದ ತಪ್ಪಷ್ಟೇ ಅಲ್ಲ, ನಲವತ್ನಾಲ್ಕು ವರ್ಷದ ಹಿಂದಿನದನ್ನೂ ಹೇಳಿದಳು. ಅವಳಿಗೆ ಹತ್ತು ವರ್ಷವಿದ್ದಾಗ ಕಸ್ತೂರೆವ್ವನ ಕಂಪನಿ ಹಮ್ಮಿಗಿಗೆ ಬಂದಿತ್ತು. ನಾಟಕ ನೋಡಿ ಊರ ಹೆಂಗಸರೆಲ್ಲ ರಾಣಿಗೆ ಕೈ ಮುಗಿದರು. ಮರುದಿನ ಬೆಳಿಗ್ಗೆ ಅದೇ ರಾಣಿ ಬಟ್ಟೆ ಗಂಟು ಹಿಡಿದು ಹೊಳೆಗೆ ಇಳಿದಳು. ಅದೇ ಹೆಂಗಸರು ಕೊಡ ಎತ್ತಿಕೊಂಡು ಮೇಲಿನ ಕಡೆ ಸರಿದರು, ನಾಟಕದವಳು ಇಳಿದ ನೀರು ಬೇಡವೆಂದು.

“ನಮ್ಮವ್ವನೂ ಸರದಳು. ನನ್ನ ಕೈಯಾಗ ಸಣ್ಣ ಕೊಡ ಇತ್ರಿ, ನಾನೂ ಎತಗೊಂಡು ಸರದೆ. ಕಸ್ತೂರೆವ್ವ ನನ್ನ ಮಾರಿ ನೋಡಿದ್ಲು” ಎಂದು ಉಡಚವ್ವ ಆ ಹೊಸ್ತಿಲಲ್ಲಿ ಹೇಳಿದಳು. “ಅವತ್ತು ಸಣ್ಣಾಕಿ ಇದ್ದೆ. ಈ ಸಲ ಸಣ್ಣಾಕಿ ಅಲ್ಲ. ನಂದು ತಪ್ಪಾಗೇತಿ ಯವ್ವಾ, ಕ್ಷಮಾ ಮಾಡು.”

ಆ ಹೂವಿಗೆ ಬೇರೆ ಹೆಸರಿಲ್ಲವೇ ಎಂದು ರೋಜಾ ಕೇಳಿದಳು. ಇದೆ, ನಿತ್ಯಮಲ್ಲಿಗಿ ಅಂತಲೂ ಅಂತಾರೆ ಎಂದಳು ಉಡಚವ್ವ. “ಒಂದ ಹೂವಿಗೆ ಎರಡು ಹೆಸರಾ?” ಎಂದು ರೋಜಾ ನಕ್ಕಳು, ಖುಷಿಯ ನಗೆಯಲ್ಲ. “ನಮ್ಮವ್ವಗೂ ಎರಡ ಇದ್ದವು. ಬಣ್ಣ ಹಚ್ಚಿದಾಗ ರಾಣಿ ಅಂತಿದ್ರು. ಬಣ್ಣ ತೊಳಕೊಂಡ ಮ್ಯಾಲ ಏನಂತಿದ್ರು ನಿನಗೂ ಗೊತ್ತೈತಿ. ಆ ಹೂವ ಇರಲಿ. ಹೆಸರು ಮಾತ್ರ ಚೊಲೋದು ಬರಿ.” ಆಮೇಲೆ ಒಳಗೆ ಕರೆದು ಚಹಾ ಕೊಟ್ಟಳು.

ಊರಿಗೆ ಬಂದ ಉಡಚವ್ವ ಸೀದಾ ತಾರೀಖನ ಅಂಗಡಿಗೆ ಹೋದಳು. ತಾನೇ ಬಂದು ಬರೆದುಕೊಡುತ್ತೇನೆ ಎಂದ ಅವನು. ಬೇಡ, ಅಂದಳು ಇವಳು. ಸುಣ್ಣದ ಕಡ್ಡಿಯಲ್ಲಿ ಗೋಡೆಯ ಮೇಲೆ ಬರೆದು ತೋರಿಸಿದರೆ ಸಾಕು, ಬರೆಯುವುದು ನಾನೇ. ‘ನಿ’ ಬೇಗ ಬಂತು. ‘ತ್ಯ’ ಎಂಟು ದಿನ ಕಾಡಿಸಿತು. ಒಂಬತ್ತನೆಯ ದಿನ ತಾರೀಖ ಕೊಟ್ಟ ಬಣ್ಣದಲ್ಲಿ ‘ಸುಡುಗಾಡು’ ಅಳಿಸಿ, ಆ ಜಾಗದಲ್ಲಿ ‘ನಿತ್ಯ’ ಎಂದು ಬರೆದಳು. ಅಕ್ಷರ ಸೊಟ್ಟಗಿವೆ, ‘ತ್ಯ’ದ ಬಾಲ ಕೆಳಗಿನ ಗೆರೆ ದಾಟಿ ಹೋಗಿದೆ. ಐವತ್ನಾಲ್ಕನೆಯ ವಯಸ್ಸಿನಲ್ಲಿ ಅವಳು ಬರೆದ ಮೊದಲ ಶಬ್ದ ಅದು.

ಅಧ್ಯಕ್ಷರಿಗೆ ಸಿಟ್ಟು ನೆತ್ತಿಗೇರಿತು. ಸಮಿತಿಯ ಫಲಕದ ಮೇಲೆ ಮಾಲಿ ಕೈ ಇಡುವುದೆಂದರೇನು? ಅಷ್ಟರಲ್ಲಿ ರೋಜಾ ಕೂಡ ಸುಮ್ಮನೆ ಕೂರಲಿಲ್ಲ. ಹೆಸರು ತಿದ್ದಿದ್ದು ತನಗೆ ಒಪ್ಪಿಗೆ, ಅವ್ವನ ಪಾತಿ ತೆಗೆಯಬಾರದು ಎಂದು ಮೇಲಿನ ಅಧಿಕಾರಿಗಳಿಗೆ ಅರ್ಜಿ ಬರೆದಳು. ಯಾಕೆ ತೆಗೆಯುತ್ತಿದ್ದೀರಿ ಎಂದು ಮೇಲಿನಿಂದ ಪ್ರಶ್ನೆ ಬಂತು. ಈಗ ಸಮಿತಿಗೆ ಒಂದು ಕಾಗದ ಬೇಕು, ಅದರ ಕೆಳಗೆ ಮಾಲಿಯ ಹೆಬ್ಬೆಟ್ಟು ಬೇಕು. ಒತ್ತಿದರೆ ಪಾತಿ ಹೋಗುತ್ತದೆ. ಒತ್ತದಿದ್ದರೆ ಒಂದನೇ ತಾರೀಖಿನಿಂದ ಉಡಚವ್ವ ಕೆಲಸಕ್ಕೆ ಬರುವಂತಿಲ್ಲ.

ಆ ಕಾಗದ ಹಿಡಿದು ಇವತ್ತು ಬೆಳಿಗ್ಗೆ ಏಳಕ್ಕೆ ಕೊಟ್ರೇಶ ಬಂದಿದ್ದಾನೆ. ಉಡಚವ್ವ ಐವತ್ತಮೂರನೆಯ ಕೊಡ ತುಂಬುತ್ತಿದ್ದಾಳೆ. ಓದು, ಅನ್ನುತ್ತಾಳೆ. ಅವನು ತಲೆ ಎತ್ತದೆ ಓದುತ್ತಾನೆ: “ಹನ್ನೆರಡನೆಯ ಪಾತಿಯ ಮಣ್ಣು ಯಾವ ಹೂವಿಗೂ ಯೋಗ್ಯವಾಗಿರುವುದಿಲ್ಲ. ಫಲಕದ ಮೇಲೆ ತಪ್ಪು ಹೆಸರನ್ನು ಅನುಮತಿಯಿಲ್ಲದೆ ನಾನೇ ಬರೆದಿರುತ್ತೇನೆ. ಇದಕ್ಕಾಗಿ ಸಮಿತಿಯ ಕ್ಷಮೆ ಕೋರುತ್ತೇನೆ. ಪಾತಿಯನ್ನು ತೆಗೆಯಲು ನನ್ನ ತಕರಾರು ಇರುವುದಿಲ್ಲ.”

“ಯಾವ ಹೂವಿಗೂ ಯೋಗ್ಯ ಇಲ್ಲಂತ?” ಉಡಚವ್ವ ಗೋಡೆಯ ಕಡೆ ಕೈ ತೋರಿಸುತ್ತಾಳೆ. ಪಾತಿಯ ತುಂಬ ಬಿಳಿ, ನಸುಗೆಂಪು. “ಇವು ಏನು ನಿನ್ನ ಕಣ್ಣಿಗೆ ಪ್ಲಾಸ್ಟಿಕ್ಕಿನವು ಕಾಣತಾವೇನಲೇ? ಪ್ಲಾಸ್ಟಿಕ್ಕಿನವು ಇನ್ನೂ ಬರಬೇಕಲ್ಲ?” ಕೊಟ್ರೇಶ ನಾಲಿಗೆ ಕಚ್ಚಿಕೊಳ್ಳುತ್ತಾನೆ. ಅವನೂ ಹೊಟ್ಟೆಪಾಡಿನವನು, ಬರೆದವನು ಅವನಲ್ಲ. ಶಾಯಿಯ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಮುಚ್ಚಳ ತೆರೆಯುತ್ತಾನೆ.

ಬೆಳಗಿನ ವಾಕಿಂಗಿನ ಮಂದಿ ಒಬ್ಬಿಬ್ಬರು ನಿಂತು ನೋಡುತ್ತಾರೆ, ಸಂಬಂಧವಿಲ್ಲದವರಂತೆ ಮುಂದೆ ಹೋಗುತ್ತಾರೆ. ಕೆಲಸ ಹೋದರೆ ಉಡಚವ್ವ ಏನು ಮಾಡುತ್ತಾಳೆ? ಮತ್ತೆ ಮೆಣಸಿನಕಾಯಿ ಆರಿಸುವುದು, ಮತ್ತೆ ಕಣ್ಣುರಿ. ಹೆದರಿಕೆ ಇಲ್ಲವೇ? “ಯಾಕಿಲ್ರಿ. ಮನ್ಯಾಗ ಬೆನ್ನ ಬಿದ್ದ ಗಂಡ ಅದಾನ. ಹೆದರಿಕಿ ಐತಿ, ಖರೆ. ಆದ್ರ ಇನ್ನೊಂದ ಸಲ ಕೊಡ ಎತಗೊಂಡು ಸರಿಯಾಕ ನನ್ನ ಕಡಿಂದ ಆಗಂಗಿಲ್ಲ.”

“ಒಂದು ಕ್ಷಮಾ ಕೇಳಿದ್ರ ನಿನ್ನ ಗಂಟೇನು ಹೋಗತೈತಬೇ? ಒತ್ತಿ ಬಿಡು” ಎಂದು ಕೊಟ್ರೇಶ ಮೆಲ್ಲಗೆ ಗೋಗರೆಯುತ್ತಾನೆ.

ಉಡಚವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ. ಶಾಯಿಯ ಡಬ್ಬಿಯ ಮುಚ್ಚಳ ಹಾಕಿ ಬಿಗಿ ಮಾಡುತ್ತಾಳೆ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅವನ ಅಂಗಿಯ ಕಿಸೆಯಲ್ಲಿ ತಾನೇ ಇಡುತ್ತಾಳೆ.

“ನಾ ಕ್ಷಮಾ ಕೇಳೂದು ಮುಗದೈತಿ ಕೊಟ್ರೇಶ. ಯಾರ ಮುಂದ ಕೇಳಬೇಕಿತ್ತೋ ಅವರ ಹೊಸ್ತಿಲಿಗೆ ಹೋಗಿ ಕೇಳಿ ಬಂದೀನಿ. ಇನ್ನ ನಿಮ್ಮ ಎಂಟು ಮಂದೀದು ಉಳದೈತಿ. ಶಿರಹಟ್ಟಿ ಬಸ್ಸು ಹತ್ತಕ್ಕ ಬಿಡತೈತಿ ಅಂತ ಹೇಳು ಅವರಿಗೆ.”